ಅರಿಶಿನ ಹಚ್ಚಿದ ಅನಾಮಧೇಯ ಪತ್ರ

ಅನಾಮಧೇಯ ಪತ್ರ ಬರೆಯುವುದರಲ್ಲಿ ಧಾರವಾಡದಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ಕೂತವನಿಗೆ ಅಷ್ಟೂ ಬರದಿದ್ದರೆ ಹೇಗೆ? ಐವತ್ತು ದಾಟಿದ ಬ್ರಹ್ಮಚಾರಿ ಹೆಡ್ ಕ್ಲಾರ್ಕಿಗೆ ಸವದತ್ತಿಯಿಂದ ಸಂಬಂಧ ಬಂದಂತೆ ಬರೆದೆ. ಆತ ಹೊಸ ಕೋಟು ಹೊಲಿಸಿಕೊಂಡು ಬಸ್ಸು ಹತ್ತಿದ. ಪೋಸ್ಟ್‌ಮಾಸ್ತರರಿಗೆ ಲಾಟರಿ ಹೊಡೆದಂತೆ ಬರೆದೆ. ಅವರು ಇಡೀ ಕಚೇರಿಗೆ ಪೇಢೆ ಹಂಚಿದರು. ನಾನು ಎರಡು ತಿಂದೆ. ಒಮ್ಮೆಯೂ ಸಿಕ್ಕಿಬೀಳಲಿಲ್ಲ.

ಎಪ್ಪತ್ತಾರನೆಯ ವಯಸ್ಸಿನಲ್ಲಿ, ಮೆಲ್ಬರ್ನಿನ ಕ್ರಾನ್‌ಬರ್ನಿನಲ್ಲಿ ಮಗಳ ಮನೆಯಲ್ಲಿ ಕೂತು, ಜೀವಮಾನದಲ್ಲೇ ಮೊದಲ ಸಲ ಒಂದು ಪತ್ರವನ್ನು ತಮಾಷೆಗಲ್ಲದೆ ಬರೆದೆ. ಅದೊಂದು ಸಿಕ್ಕಿಬಿತ್ತು. ಸಿಕ್ಕಿಬಿದ್ದವನು ನಾನಾಗಿದ್ದರೆ ಇದನ್ನೂ ಒಂದು ಪರಾಕ್ರಮದ ಕಥೆ ಮಾಡಿ ಹೇಳುತ್ತಿದ್ದೆ. ಸಿಕ್ಕಿಬಿದ್ದವಳು ಬೇರೆಯವಳು.

ಅವಳು ಗದಗಿನವಳು, ಇಪ್ಪತ್ತೆಂಟರ ಹುಡುಗಿ. ಮಗಳ ಮನೆಯ ಹಿತ್ತಲಲ್ಲಿರುವ ಗ್ರ್ಯಾನಿ ಫ್ಲಾಟಿನಲ್ಲಿ, ನನ್ನ ಕೋಣೆಗೆ ಗೋಡೆ ತಾಗಿದ ಪುಟ್ಟ ಮನೆಯಲ್ಲಿ, ಗಂಡನೊಂದಿಗೆ ಬಾಡಿಗೆಗಿದ್ದಳು. ಗಂಡ ನರ್ಸಿಂಗ್ ಓದುತ್ತಿದ್ದ. ಇವಳು ಹತ್ತು ನಿಮಿಷದ ದಾರಿಯಲ್ಲಿದ್ದ ತರಕಾರಿ ಫಾರ್ಮಿನಲ್ಲಿ ಕಳೆ ತೆಗೆಯಲು, ಸೊಪ್ಪು ಕಟ್ಟಲು ಹೋಗುತ್ತಿದ್ದಳು. ಇವಳ ಕೆಲಸ ನಿಂತರೆ ಅವನ ಓದು ನಿಂತಂತೆ. ಓದು ನಿಂತರೆ ವೀಸಾ ಹೋದಂತೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಸಂಜೆ ಕೆಲಸದಿಂದ ಬಂದವಳು ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಗೇಟಿನ ಹತ್ತಿರ ಒಂದು ಕ್ಷಣ ಕಂಬ ಹಿಡಿದು ನಿಲ್ಲುತ್ತಿದ್ದಳು.

"ಏನವಾ, ನಮ್ಮ ಕಂಬ ಗಟ್ಟಿ ಐತಿಲ್ಲೋ ಅಂತ ದಿನಾ ನೋಡ್ತಿಯೇನು?" ಎಂದು ಕೆಣಕುತ್ತಿದ್ದೆ.

"ಕಂಬ ಗಟ್ಟಿ ಐತ್ರಿ ಕಾಕಾ. ನನ್ನ ಬೆನ್ನು ಇನ್ನೂ ಹೊಲದಾಗ ಐತಿ. ಹಿಂದಿಂದ ಬರ್ತೇತಿ" ಎನ್ನುತ್ತಿದ್ದಳು. ನನಗೆ ಮಾತಿಗೆ ಮಾತು ಕೊಡುವವರೆಂದರೆ ಪ್ರೀತಿ. ಆ ಪ್ರೀತಿಯೇ ಎಡವಟ್ಟಿನ ಬೇರು.

ಪಕ್ಕದ ಮನೆಯಲ್ಲಿ ಇನ್ನೊಬ್ಬಳಿದ್ದಳು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಆಸ್ಟ್ರೇಲಿಯಾದವನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದು, ಅವನನ್ನು ಕಳೆದುಕೊಂಡು, ಎರಡು ಬೆಕ್ಕು ಸಾಕಿಕೊಂಡವಳು. ನಾನು ಅವಳನ್ನು "ಅಜ್ಜಿ" ಎಂದು ಕನ್ನಡದಲ್ಲೇ ಕರೆಯುತ್ತಿದ್ದೆ. ಅರ್ಥ ಕೇಳಿದಾಗ "ರಾಜಕುಮಾರಿ" ಎಂದಿದ್ದೆ. ಅವಳು ನನ್ನನ್ನು "ವಿಯೇಹೋ" ಎನ್ನುತ್ತಿದ್ದಳು. ಅವಳ ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಮುದುಕ ಎಂದೇ ಅರ್ಥ. ಅವಳು ಸುಳ್ಳು ಹೇಳುವವಳಲ್ಲ.

ಅವಳು ದ್ರಾಕ್ಷಿ ತಿನ್ನುವುದಿಲ್ಲ ಎಂದು ಒಮ್ಮೆ ತಿಳಿಯಿತು. ಸರಿ, ಮರುದಿನ ಬೆಳಿಗ್ಗೆ ಅವಳ ಬಾಗಿಲ ಹಿಡಿಗೆ ಒಂದು ದೊಡ್ಡ ಗೊಂಚಲು ಕಟ್ಟಿಬಂದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಅದನ್ನು ತಂದು ನನ್ನ ಮುಂದಿಟ್ಟು, ನಮ್ಮ ವರಾಂಡದ ಕುರ್ಚಿಯಲ್ಲಿ ಕೂತಳು.

"ಹದಿನಾಲ್ಕು ವರ್ಷಕ್ಕೆ ನಾನು ಅಂಗಡಿ ಬಾಗಿಲಲ್ಲಿ ಬೋರ್ಡು ಹಿಡಿದು ನಿಂತಿದ್ದೆ. ದ್ರಾಕ್ಷಿ ಕೊಳ್ಳಬೇಡಿ ಅಂತ. ಒಬ್ಬ ಬಂದು ತಲೆ ಮೇಲೆ ಹಾಲು ಸುರಿದು ಹೋದ. ಅಮ್ಮ ಅಂದಳು, ಜಾಗ ಬಿಡಬೇಡ, ಮನೆಗೆ ಹೋದ ಮೇಲೆ ತಲೆ ತೊಳೆಯೋಣ ಅಂತ. ಸಾಯಂಕಾಲದವರೆಗೂ ನಿಂತೆ. ಹುಳಿ ವಾಸನೆ ಬರ್ತಿತ್ತು."

ಆಗಲೇ ಮೊದಲು ಚಿಕಾನೋ ಎಂಬ ಮಾತು ಕೇಳಿದ್ದು. ಅಮೆರಿಕದಲ್ಲೇ ಹುಟ್ಟಿದ ಮೆಕ್ಸಿಕೋ ಮೂಲದವರು ಅವರು. ಬೈಗುಳದಂತೆ ಬಳಸುತ್ತಿದ್ದ ಹೆಸರನ್ನೇ ಎತ್ತಿಕೊಂಡು, ಹೌದು ನಾವು ಅದೇ ಎಂದು ತಲೆಯೆತ್ತಿದವರು. ದ್ರಾಕ್ಷಿ ಕಿತ್ತವರಿಗೆ ನ್ಯಾಯ ಸಿಗುವವರೆಗೆ ಊರೂರಲ್ಲಿ ಜನ ದ್ರಾಕ್ಷಿ ಬಿಟ್ಟರಂತೆ. ಶಾಲೆಯಲ್ಲಿ ಮನೆಮಾತು ಆಡಿದರೆ ಪೆಟ್ಟು ಬೀಳುತ್ತಿತ್ತಂತೆ. ಒಂದು ದಿನ ಮಕ್ಕಳೆಲ್ಲ ಎದ್ದು ತರಗತಿ ಬಿಟ್ಟು ಬೀದಿಗೆ ನಡೆದರಂತೆ, ಇವಳೂ ನಡೆದಳಂತೆ.

"ಅದೇನು ಮಹಾ, ನಾನು ದಿನಾ ಶಾಲೆ ಬಿಟ್ಟು ಓಡುತ್ತಿದ್ದೆ" ಎಂದೆ.

"ನೀನು ಹಿಂದಿನ ಕಿಟಕಿಯಿಂದ ಓಡಿರುತ್ತೀಯ, ವಿಯೇಹೋ. ನಾವು ಮುಂಬಾಗಿಲಿಂದ ಹೋದೆವು" ಎಂದಳು.

ಗದಗಿನ ಹುಡುಗಿ ಕಂಬ ಹಿಡಿದು ನಿಂತದ್ದನ್ನು ಇವಳು ನೋಡಿದ್ದು ಫೆಬ್ರವರಿಯ ಒಂದು ಸಂಜೆ. ಬೇಲಿಯ ಆಚೆಯಿಂದಲೇ ಕೇಳಿದಳು: ಯಾವುದರಿಂದ ಕಳೆ ತೆಗೆಯುತ್ತೀರಿ? ಹುಡುಗಿ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ ತೋರಿಸಿದಳು. ಗುದ್ದಲಿಯ ಹಿಡಿ ಅಷ್ಟೇ ಉದ್ದ. ಉದ್ದ ಹಿಡಿಯದು ಕೊಟ್ಟರೆ ಪೈರಿಗೆ ಏಟು ಬೀಳುತ್ತದೆ ಎಂದು ಸೂಪರ್‌ವೈಸರ್ ಹೇಳಿದ್ದನಂತೆ.

ನನ್ನ ನೆರೆಯವಳು ಬೇಲಿ ಬಳಸಿ ಹೊರಟಳು. ನಮ್ಮ ಡ್ರೈವ್‌ವೇಗೆ ಬಂದಳು. ಎರಡು ಕಾಲು ಅಗಲಿಸಿ, ಸೊಂಟ ಮುರಿದು ನೆಲಕ್ಕೆ ಬಗ್ಗಿ, ಸಿಮೆಂಟಿನ ಮೇಲೆ ಇಲ್ಲದ ಸಾಲಿನಲ್ಲಿ ಇಲ್ಲದ ಗುದ್ದಲಿ ಹಿಡಿದು, ಇಲ್ಲದ ಕಳೆ ತೆಗೆಯುತ್ತ ಹಿಂದೆ ಹಿಂದೆ ಸರಿದಳು. ಹತ್ತು ಹೆಜ್ಜೆ. ಮೊಣಕಾಲು ನೋವಿನವಳು. ನಾನು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದೆ.

"ಹೌದ್ರಿ, ಹಿಂಗ. ಹಿಂಗ ಮಾಡ್ತೇವ್ರಿ" ಎಂದು ಹುಡುಗಿ ಕನ್ನಡದಲ್ಲೇ ಹೇಳಿದಳು. ಕನ್ನಡ ಬಾರದ ನೆರೆಯವಳಿಗೆ ಅರ್ಥವಾಯಿತು.

ಕೈಹಿಡಿದು ಎಬ್ಬಿಸಿ ಕೂರಿಸಿದ ಮೇಲೆ ನೆರೆಯವಳು ಹೇಳಿದಳು. ಅವಳ ಊರಿನಲ್ಲಿ ಅದಕ್ಕೆ ಕೊರ್ತೀತೋ, ಗಿಡ್ಡದು, ಎನ್ನುತ್ತಿದ್ದರು. ಅಪ್ಪ ಅದನ್ನು ಹಿಡಿದೇ ಅಮೆರಿಕದವರಿಗೆಲ್ಲ ಲೆಟ್ಯೂಸ್ ಸೊಪ್ಪು ತಿನ್ನಿಸಿದ. ಕೊನೆಗೆ ನೆಟ್ಟಗೆ ಮಲಗುವುದಕ್ಕೂ ಆಗದವನಾದ. ಪೈರಿಗೆ ಏಟು ಬೀಳುತ್ತದೆ ಎಂದು ಅಲ್ಲಿನ ಮಾಲೀಕರೂ ಹೇಳುತ್ತಿದ್ದರು. ನಿಜವಾದ ಕಾರಣ ಬೇರೆ: ಹಿಡಿ ಗಿಡ್ಡವಿದ್ದರೆ, ನೆಟ್ಟಗೆ ನಿಂತವನು ಕೆಲಸ ಮಾಡುತ್ತಿಲ್ಲ ಎಂದು ರಸ್ತೆಯಲ್ಲಿ ನಿಂತೇ ಗೊತ್ತಾಗುತ್ತದೆ. ಚಿಕಾನೋಗಳು ವರ್ಷಗಟ್ಟಲೆ ಕಾದಾಡಿ ಆ ಗುದ್ದಲಿಯನ್ನು ಕಾನೂನಿನಿಂದಲೇ ನಿಲ್ಲಿಸಿದರು. "ನಿಂತುಹೋಯಿತು ಅಂದುಕೊಂಡಿದ್ದೆ" ಎಂದಳು.

"ನಾ ಒಂದು ಪತ್ರಾ ಬರೀತೇನಿ. ಹೆಸರಿಲ್ಲದ್ದು. ನಿಮ್ಮ ಫಾರ್ಮು ನಡುಗಬೇಕು" ಎಂದೆ ಹುಡುಗಿಗೆ.

"ಬ್ಯಾಡ್ರಿ ಕಾಕಾ. ನಿಮ್ಮ ಕಾಲು ಹಿಡಿತೇನಿ. ಬೆನ್ನು ಹೋದ್ರ ಹೋಗ್ಲಿ, ಕೆಲಸ ಉಳೀಲಿ."

ನೆರೆಯವಳೂ ಹೇಳಿದಳು: "ಅವಳ ಬೆನ್ನು, ಅವಳ ಬಾಯಿ. ಅವಳು ಹೇಳಲಿ, ಬಿಡಲಿ. ನೀನು ಮಧ್ಯೆ ಬರಬೇಡ."

ಇಬ್ಬರಿಗೂ ಆಯಿತು ಎಂದೆ. ಮೂರನೆಯ ದಿನ ಬರೆದೆ.

ಎಷ್ಟು ಚೆನ್ನಾಗಿ ಬರೆದೆ ಎಂದರೆ, ಓದಿದ ಮಾಲೀಕ ಸ್ವತಃ ಬೆನ್ನು ಮುಟ್ಟಿ ನೋಡಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಟೈಪು ಮಾಡಿ, ಲೈಬ್ರರಿಯಲ್ಲಿ ಪ್ರಿಂಟ್ ತೆಗೆಸಿ, ಜಾಡು ತಪ್ಪಿಸಲು ಬಸ್ಸಿನಲ್ಲಿ ಡ್ಯಾಂಡೆನಾಂಗಿಗೆ ಹೋಗಿ ಅಲ್ಲಿನ ಡಬ್ಬಿಗೆ ಹಾಕಿದೆ. ಗಿಡ್ಡ ಹಿಡಿಯ ಗುದ್ದಲಿಯ ಬದಲು ಉದ್ದದ್ದು ಕೊಡಿ, ಇಲ್ಲವಾದರೆ ಪತ್ರಿಕೆಯವರಿಗೆ ಹೇಳುತ್ತೇವೆ. ಇಂತಿ, ನಿಮ್ಮ ಹೊಲದ ಕೆಲಸಗಾರರು. ಆ ಫಾರ್ಮಿನಲ್ಲಿ ಕಾಂಬೋಡಿಯಾದವರು, ಪಂಜಾಬಿಗಳು, ದ್ವೀಪಗಳಿಂದ ಬಂದವರು, ಎಲ್ಲರೂ ಇದ್ದರು. ಯಾರು ಬರೆದರೆಂದು ಬ್ರಹ್ಮನಿಗೂ ತಿಳಿಯಬಾರದು.

ಲಕೋಟೆಗೆ ಹಾಕುವ ಮುಂಚೆ ಅಡಿಗೆಮನೆಗೆ ಹೋಗಿ, ಬೆರಳು ಒದ್ದೆ ಮಾಡಿ, ಹಾಳೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದೆ.

ಇದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ಕೈ ಮಾಡಿತು ಎನ್ನಬೇಕು. ಲಗ್ನಪತ್ರಿಕೆಗೆ ಮಾತ್ರವಲ್ಲ, ಮಕ್ಕಳ ನೌಕರಿ ಅರ್ಜಿಗೂ, ನನ್ನ ಬಡ್ತಿಯ ಅರ್ಜಿಗೂ ನನ್ನ ಹೆಂಡತಿ ಅರಿಶಿನ ಹಚ್ಚದೆ ಕಳಿಸುತ್ತಿರಲಿಲ್ಲ. ಅವಳು ಹೋದ ಮೇಲೆ ಆ ಕೆಲಸ ನನಗೆ ಬಂತು. ತಮಾಷೆಯ ಪತ್ರಗಳಿಗೆ ಎಂದೂ ಹಚ್ಚಿದವನಲ್ಲ. ಈ ಪತ್ರ ಕೈಗೂಡಬೇಕು ಎಂದು ನಿಜವಾಗಿ ಆಸೆಪಟ್ಟಿದ್ದೆ, ಅದಕ್ಕೇ ಹಚ್ಚಿದೆ.

ಆ ಫಾರ್ಮಿಗೆ ಕೆಲಸಗಾರರನ್ನು ಒದಗಿಸುತ್ತಿದ್ದದ್ದು ಒಂದು ಕಂಪನಿ. ಅದರ ಸೂಪರ್‌ವೈಸರ್ ಮೈಸೂರಿನವನು. ನಮ್ಮವನೇ. ಮಾಲೀಕ ಪತ್ರವನ್ನು ಅವನ ಕೈಗೇ ಕೊಟ್ಟಿರಬೇಕು. ಹಳದಿ ಮೂಲೆ ನೋಡಿದ ತಕ್ಷಣ ಅವನಿಗೆ ಪತ್ರ ಓದುವ ಅಗತ್ಯವೂ ಬಿದ್ದಿರಲಿಕ್ಕಿಲ್ಲ. ಅಷ್ಟು ಜನರಲ್ಲಿ ಕನ್ನಡದವಳು ಒಬ್ಬಳೇ.

ಮರುವಾರದ ಪಾಳಿಯ ಪಟ್ಟಿ ವಾಟ್ಸಾಪಿನಲ್ಲಿ ಬಂದಾಗ ಹುಡುಗಿಯ ಹೆಸರಿರಲಿಲ್ಲ. ಫೋನು ಮಾಡಿದಳು. ಅವನು ಪತ್ರದ ಫೋಟೋ ಕಳಿಸಿ, "ಲಗ್ನಪತ್ರಿಕೆ ತಲುಪಿತು ಮೇಡಂ. ಕೆಲಸ ಇದ್ದರೆ ತಿಳಿಸ್ತೀನಿ" ಎಂದು ಬರೆದ. ಅವಳು ಆ ಫೋನು ಹಿಡಿದು ನನ್ನ ಮುಂದೆ ಬಂದು ನಿಂತಳು.

"ಕಾಕಾ, ಇದನ್ನ ನೀವ ಬರದ್ರೇನ್ರಿ?"

"ಛೇ, ನಾ ಯಾಕ ಬರೀಲಿ?" ಎಂದೆ.

ಎಪ್ಪತ್ತು ವರ್ಷ ಸುಳ್ಳು ಹೇಳಿ ಪಳಗಿದ ನಾಲಿಗೆ. ನಾನು ಯೋಚಿಸುವುದರೊಳಗೆ ಅದು ತನ್ನ ಕೆಲಸ ಮುಗಿಸಿತ್ತು. ಅವಳು ನಂಬಿದಳು. "ತಪ್ಪು ತಿಳೀಬ್ಯಾಡ್ರಿ ಕಾಕಾ, ಸಿಟ್ಟಿನಾಗ ಕೇಳಿದೆ" ಎಂದು ಕ್ಷಮೆಯನ್ನೂ ಕೇಳಿ ಹೋದಳು.

ಎರಡು ವಾರ ಅವಳು ಮನೆಯಲ್ಲೇ ಇದ್ದಳು. ಗಂಡ ಕಾಲೇಜು ಬಿಟ್ಟು ಗೋದಾಮಿನ ಕೆಲಸಕ್ಕೆ ಹೋಗುವ ಮಾತಾಡುತ್ತಿದ್ದುದು ಗೋಡೆಯ ಆಚೆಯಿಂದ ಕೇಳುತ್ತಿತ್ತು. ನನಗೆ ಊಟ ಸೇರದಂತಾಯಿತು. ಮಗಳು ಡಾಕ್ಟರರ ಅಪಾಯಿಂಟ್‌ಮೆಂಟ್ ಬುಕ್ ಮಾಡಿದಳು. ನನ್ನ ರೋಗ ಡಾಕ್ಟರರಿಗೆ ಗೊತ್ತಾಗುವಂಥದ್ದಲ್ಲ. ನೆರೆಯವಳಿಗೆ ಹೇಳಿದೆ. ಬೆಕ್ಕಿನ ತಲೆ ಸವರುತ್ತ ಕೇಳಿಸಿಕೊಂಡಳು.

"ನನಗೆ ಯಾಕೆ ಹೇಳ್ತಿದೀಯ? ನನ್ನ ಕೆಲಸ ಹೋಗಿಲ್ಲವಲ್ಲ" ಎಂದಳು.

ನಾನು ಅಡ್ಡದಾರಿ ಹಿಡಿದೆ. ಮೊದಲು ಸೂಪರ್‌ವೈಸರನ ಹತ್ತಿರ ಒಪ್ಪಿಕೊಂಡು ಅವಳ ಕೆಲಸ ವಾಪಸು ಕೊಡಿಸುವುದು, ಆಮೇಲೆ ಅವಳಿಗೆ ಹೇಳುವುದು. ಹೀರೋ ಆಗಿಯೇ ತಪ್ಪೊಪ್ಪಿಕೊಳ್ಳುವ ಉಪಾಯ. ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಒಂದು ಶಾಲೆಯ ಹಾಲ್ ಹಿಡಿದು ಊಟ ಮಾಡುತ್ತಾರೆ. ಅಲ್ಲಿ ಅವನನ್ನು ಹಿಡಿದೆ. ಹೊಸ ಜುಬ್ಬಾ ಹಾಕಿಕೊಂಡು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ.

"ಹ್ಯಾಪಿ ಯುಗಾದಿ ಅಂಕಲ್! ಈ ಸಲ ಯಾರಿಗೆ ಬರೀ ಬೇವು ತಿನ್ಸಿದ್ರಿ?" ಎಂದ. ಹಿಂದಿನ ವರ್ಷ ಅಧ್ಯಕ್ಷರ ಬಟ್ಟಲಿನಲ್ಲಿ ಬೆಲ್ಲ ಹಾಕದೆ ಬರೀ ಬೇವು ಕೊಟ್ಟವನು ನಾನು.

"ಆ ಪತ್ರಾ ಬರದಾಂವ ನಾನು" ಎಂದೆ.

"ಯಾವ ಪತ್ರ?"

"ನಿಮ್ಮ ಫಾರ್ಮಿಗೆ ಬಂದದ್ದು. ಅರಿಷಿಣದ್ದು. ಆ ಹುಡುಗಿಗೆ ಏನೂ ಗೊತ್ತಿಲ್ಲ."

ಅವನು ತುಪ್ಪದ ಚಮಚ ಎತ್ತಿಹಿಡಿದು ಸುತ್ತ ನೋಡಿದ. "ಕೇಳಿದ್ರಾ? ಹೋದ್ ವರ್ಷ ಪ್ರೀಮಿಯರ್‌ಗೆ ಸ್ಪೀಚ್ ಬರ್ಕೊಟ್ಟಿದ್ದೂ ಇವ್ರೇ, ಈ ಪತ್ರ ಬರ್ದಿದ್ದೂ ಇವ್ರೇ!" ಪಂಕ್ತಿಯಲ್ಲಿದ್ದವರು ನಕ್ಕರು. ಪ್ರೀಮಿಯರ್ ಎಂದರೆ ಇಲ್ಲಿನ ಮುಖ್ಯಮಂತ್ರಿ; ಆ ಕಥೆ ನಾನೇ ಹಬ್ಬಿಸಿದ್ದು.

"ದೇವರಾಣಿ, ನಾನ ಬರದೇನಿ."

ಅವನು ಹತ್ತಿರ ಬಂದು ದನಿ ಇಳಿಸಿದ. ನಗು ಇರಲಿಲ್ಲ. "ಅಂಕಲ್, ನಿಮ್ ಟೆನೆಂಟ್ ಅಂತ ಕಾಪಾಡೋಕೆ ನೋಡ್ತಿದೀರ, ಒಳ್ಳೇದು. ಆದ್ರೆ ಇದ್ರಲ್ಲಿ ಬರ್ಬೇಡಿ. ನಂಗೂ ಮೇಲ್ಗಡೆ ಸಿಡ್ನಿಲಿ ಕೇಳೋರಿದಾರೆ. ನಂಗೂ ಮಾರ್ಟ್‌ಗೇಜ್ ಇದೆ. ಅವ್ರು ಲೇಬರ್ ಮಧ್ಯ ಪ್ರಾಬ್ಲಮ್ ಮಾಡೋರು ಬೇಡ ಅಂದ್ರು, ಅಷ್ಟೇ."

"ಬರದಾಂವ ನಾನಪಾ..."

"ಸಾಕು ಅಂಕಲ್, ಜೋಕು. ಊಟ ಮಾಡಿ."

ತಿರುಗಿದೆ. ಹುಡುಗಿ ಎಲೆಯ ತಟ್ಟೆ ಹಿಡಿದು ಹಿಂದೆ ನಿಂತಿದ್ದಳು. ಇಡೀ ಹಾಲಿನಲ್ಲಿ ನನ್ನನ್ನು ನಂಬಿದವಳು ಅವಳೊಬ್ಬಳೇ.

"ಅವತ್ತ ಇಲ್ಲಾ ಅಂದ್ರಿ" ಎಂದಳು. ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟು ಹೊರಗೆ ನಡೆದಳು. ನಾನು ಹಿಂದೆ ಹೋಗಲಿಲ್ಲ.

ಆಮೇಲಿನದು ನನ್ನ ಕೈಮೀರಿ ನಡೆಯಿತು, ಅದಕ್ಕೇ ಸರಿಯಾಗಿ ನಡೆಯಿತು. ಅವಳು ನನ್ನ ಬಳಿ ಬರಲಿಲ್ಲ. ಬೇಲಿ ದಾಟಿ ನೆರೆಯವಳ ಬಳಿಗೆ ಹೋದಳು. ಒಂದು ಭಾನುವಾರ ಆ ಮನೆಯ ಗ್ಯಾರೇಜಿನಲ್ಲಿ ಏಳೆಂಟು ಹೆಂಗಸರ ಚಪ್ಪಲಿ ಕಂಡವು. ಹತ್ತು ವರ್ಷದಿಂದ ಆ ಹೊಲದಲ್ಲಿ ದುಡಿದ ಕಾಂಬೋಡಿಯಾದ ಹಿರಿಯಳೊಬ್ಬಳು ಬಂದಿದ್ದಳು. ನಾನು ನಮ್ಮ ಹಿತ್ತಲಲ್ಲಿ ಗುಲಾಬಿಗೆ ನೀರು ಹಾಕುತ್ತ, ಹಾಕಿದ ಗಿಡಕ್ಕೇ ಮತ್ತೆ ಹಾಕುತ್ತ ಕಿವಿಗೊಟ್ಟೆ. ಯಾರು ಮೊದಲು ಸಹಿ ಹಾಕುವುದು ಎಂಬುದು ಮಾತು. ಒಬ್ಬೊಬ್ಬರೂ ಪಕ್ಕದವರ ಹೆಸರು ಹೇಳಿದರು. ಕೊನೆಗೆ ಆ ಹಿರಿಯಳು ತುಂಡು ಇಂಗ್ಲಿಷಿನಲ್ಲಿ, "ಪೆನ್ನು ಕೊಡಿ. ನನ್ನ ಬೆನ್ನು ಆಗಲೇ ಮುಗಿದಿದೆ. ಅವರು ಇನ್ನೇನು ಮುರಿಯುತ್ತಾರೆ?" ಎಂದಳು.

ಸೂಪರ್‌ವೈಸರ್‌ಗಲ್ಲ, ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿದ್ದ ಕಂಪನಿಯ ಕಚೇರಿಗೆ ಪತ್ರ ಹೋಯಿತು. ಹೆಸರು, ಸಹಿ, ಫೋನ್ ನಂಬರು ಸಮೇತ. ಇಬ್ಬರು ಬಂದು ಮಾತಾಡಬಹುದು ಎಂದು ಅಲ್ಲಿಂದ ಉತ್ತರ ಬಂತು. ಆಗ ಹುಡುಗಿ ನನ್ನ ಬಾಗಿಲಿಗೆ ಬಂದಳು. ಯುಗಾದಿಯ ನಂತರ ಮೊದಲ ಮಾತು.

"ನಿಮ್ಮ ಮಗಾ ಚಾಟ್ಸ್‌ವುಡ್‌ನಾಗ ಇರ್ತಾರಂತ ದಿನಾ ಹೇಳ್ತಿದ್ರಿ. ಅದರೇ ಖರೇ ಐತಿಲ್ಲೋ?"

"ಖರೇ ಐತೆವಾ."

"ಹಂಗಾರ ನನ್ನ, ಆ ಕಾಂಬೋಡಿಯಾದ ಹಿರಿಯಾಕಿನ್ನ ಒಂದಿನ ಅಲ್ಲಿ ಇರಸ್ರಿ. ನೀವೂ ಬರ್ರಿ. ಬಾಯಿ ಮಾತ್ರ ಮನ್ಯಾಗ ಇಟ್ಟು ಬರ್ರಿ."

ಹಗಲಿನ ರೈಲಿನಲ್ಲಿ ಹೋದೆವು. ಮರುದಿನ ಬೆಳಿಗ್ಗೆ ಅವರಿಬ್ಬರೂ ಆ ಗಾಜಿನ ಕಟ್ಟಡದ ಲಿಫ್ಟಿನಲ್ಲಿ ಮೇಲೆ ಹೋದರು. ನಾನು ಕೆಳಗೆ ಸೋಫಾದ ಮೇಲೆ ಕೂತೆ. ಕುತ್ತಿಗೆಗೆ ಕಾರ್ಡು ತೂಗುಹಾಕಿಕೊಂಡ ನಮ್ಮ ಕಡೆಯ ಹುಡುಗರು ಕಾಫಿ ಹಿಡಿದು ಓಡಾಡುತ್ತಿದ್ದರು; ಒಬ್ಬ "ಇಂಟರ್‌ವ್ಯೂಗೆ ಬಂದ್ರಾ ಅಂಕಲ್?" ಎಂದು ನಕ್ಕ. ಬೇರೆ ದಿನವಾಗಿದ್ದರೆ ನಾನೇ ಕಂಪನಿಯ ಚೇರ್ಮನ್ ಎಂದು ಅವನನ್ನು ಅರ್ಧ ಗಂಟೆ ನಿಲ್ಲಿಸುತ್ತಿದ್ದೆ. "ಇಲ್ಲಪಾ, ಕಾಯಾಕತ್ತೇನಿ" ಎಂದೆ. ಕಾಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಮೇಲೆ ಅವಳು ಯಾವ ಇಂಗ್ಲಿಷ್ ಆಡುತ್ತಿರಬಹುದು, ತಡವರಿಸಿದರೆ ಯಾರು ಎತ್ತಿಕೊಡುತ್ತಾರೆ, ನಾನಿದ್ದಿದ್ದರೆ ಎಂದೆಲ್ಲ ಒದ್ದಾಡಿದೆ. ಎರಡು ಸಲ ಎದ್ದು ಲಿಫ್ಟಿನವರೆಗೆ ಹೋಗಿ, ಎರಡು ಸಲವೂ ಬಂದು ಕೂತೆ.

ಒಂದೂವರೆ ಗಂಟೆಯ ಮೇಲೆ ಇಳಿದು ಬಂದರು. ಕಾಂಬೋಡಿಯಾದವಳು ನೀರು ಕೇಳಿದಳು. ಹುಡುಗಿಯ ಮುಖದಿಂದ ಏನೂ ತಿಳಿಯಲಿಲ್ಲ.

"ಮುಂದಿನ ತಿಂಗಳಿಂದ ಉದ್ದನ ಹಿಡೀದು ಕೊಡ್ತಾರಂತ. ಬರದು ಕೊಟ್ಟಾರ" ಎಂದಳು.

"ಮತ್ತ ನಿನ್ನ ಕೆಲಸಾ?"

"ನೋಡ್ತೇವಿ ಅಂದ್ರು."

'ನೋಡ್ತೇವಿ' ಎಂದರೆ ಏನೆಂದು ಮೂವತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿದ್ದವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಅವಳು ನನ್ನ ಎದುರಿಗೆ ಕೂತಿದ್ದಳು. ಹೊರಗೆ ಒಣ ಹುಲ್ಲಿನ ಬಯಲು ಮುಗಿಯುತ್ತಲೇ ಇರಲಿಲ್ಲ. ನಾನು ಒಪ್ಪಿಸಬೇಕಾದ ಮಾತನ್ನು ಒಪ್ಪಿಸಿದೆ: ತಪ್ಪಾತು.

"ಪತ್ರಾ ಬರದದ್ದು ಒಂದು ತಪ್ಪು ಕಾಕಾ. ನನ್ನ ಸಲುವಾಗಿ ಬರದ್ರಿ ಅಂತ ಮರೀಬಹುದು. ಆದರ ನಾ ಬಂದು ಕೇಳಿದಾಗ ಇಲ್ಲಾ ಅಂದ್ರಿ. ಎರಡು ವಾರ ನಾ ನನ್ನ ಗಂಡನ ಮ್ಯಾಲೆ ಸಂಶೇ ಪಟ್ಟೆ. ಅಂವನ ಬರದಾನ, ಹೇಳಾಕ ಹೆದರ್ಯಾನ ಅಂತ. ಮನ್ಯಾಗ ಏನೇನು ಮಾತಾದವು, ನಿಮಗ ಗೊತ್ತಿಲ್ಲ."

ಇದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೋಡೆಯ ಆಚೆಯಿಂದ ಕೇಳಿಸಿದ ಏರುದನಿಯನ್ನು ನಾನು ಬಾಡಿಗೆಯ ಚಿಂತೆ ಎಂದುಕೊಂಡಿದ್ದೆ. ಅವಳು ಮುಖ ಕಿಟಕಿಗೆ ತಿರುಗಿಸಿಕೊಂಡಳು. ಕಾಂಬೋಡಿಯಾದ ಹಿರಿಯಳು ಏನೂ ಅರ್ಥವಾಗದೆ, ಎಲ್ಲ ಅರ್ಥವಾದವಳಂತೆ ನನಗೊಂದು ಕಿತ್ತಳೆ ಸುಲಿದು ಕೊಟ್ಟಳು. ತಿಂದೆ.

ಅವಳ ಹೆಸರು ಪಟ್ಟಿಗೆ ಬರಲೇ ಇಲ್ಲ. ಮೇ ಕೊನೆಗೆ ಅವರು ಊರಿನ ಇನ್ನೊಂದು ತುದಿಯ ವೆರಿಬೀಗೆ ಹೋದರು. ಅಲ್ಲಿಯೂ ತರಕಾರಿ ಹೊಲಗಳಿವೆ, ಅವಳಿಗೆ ಕೆಲಸ ಸಿಕ್ಕಿತು. ಗಂಡನ ಓದು ಸದ್ಯಕ್ಕೆ ಉಳಿಯಿತು. ಸಾಮಾನು ತುಂಬುವಾಗ ನಾನು ದೊಡ್ಡ ಪೆಟ್ಟಿಗೆಗೆ ಕೈ ಹಾಕಿದರೆ, "ಬಿಡ್ರಿ, ನಿಮಗ ಆಗೂದಿಲ್ಲ" ಎಂದು ಅವಳೇ ಎತ್ತಿದಳು. ಆ ಬೆನ್ನಿನಿಂದ.

"ಗೆದ್ದಿರಾ, ಸೋತಿರಾ?" ಎಂದು ನೆರೆಯವಳನ್ನು ಕೇಳಿದೆ, ಅವಳ ಕಾಲದ ಬಗ್ಗೆ. ಮೊದಲ ಸಲ ನಾನು ಕೆಣಕದೆ ಕೇಳಿದ ಪ್ರಶ್ನೆ.

"ಗುದ್ದಲಿ ನಿಂತ ವರ್ಷ ಅಪ್ಪನಿಗೆ ಕೆಲಸ ಮಾಡುವ ಸ್ಥಿತಿ ಇರಲಿಲ್ಲ" ಎಂದಳು. "ಆದರೂ ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸು ಅಂದ. ಹೊಲದ ಪಕ್ಕ ನಿಲ್ಲಿಸಿದೆ. ನೋಡಿದ. ಸಾಕು ನಡಿ ಅಂದ. ಖುಷಿಯಾಯಿತೋ ಹೊಟ್ಟೆ ಉರಿಯಿತೋ, ಕೇಳಲಿಲ್ಲ."

ಮೊನ್ನೆ ಮಗಳು ಕಾರಿನಲ್ಲಿ ಆ ಫಾರ್ಮಿನ ದಾರಿಯಲ್ಲಿ ಕರೆದೊಯ್ಯುವಾಗ ನಿಲ್ಲಿಸು ಎಂದೆ. ಈರುಳ್ಳಿ ಜಾತಿಯ ಲೀಕ್ ಸೊಪ್ಪಿನ ಸಾಲುಗಳ ನಡುವೆ ಹೆಂಗಸರು ಉದ್ದ ಹಿಡಿಯ ಗುದ್ದಲಿ ಹಿಡಿದು ನಿಂತೇ ಕಳೆ ತೆಗೆಯುತ್ತಿದ್ದರು. ಕಾಂಬೋಡಿಯಾದ ಹಿರಿಯಳು ಮಾತ್ರ ನೆಟ್ಟಗಿರಲಿಲ್ಲ; ಆ ಬೆನ್ನು ಇನ್ನು ಏಳುವುದಿಲ್ಲ. ಫೋಟೋ ತೆಗೆದೆ. ವೆರಿಬೀಗೆ ಕಳಿಸಲೋ ಬೇಡವೋ ಎಂದು ಬಹಳ ಹೊತ್ತು ಫೋನು ಹಿಡಿದು ಕೂತೆ. ಅವಳಿಗೆ ಖುಷಿಯಾಗಲಿ ಎಂದು ಕಳಿಸುತ್ತಿದ್ದೇನೋ, ನನ್ನ ಮನಸ್ಸು ಹಗುರಾಗಲಿ ಎಂದೋ, ನನಗೇ ತಿಳಿಯಲಿಲ್ಲ. ಕಳಿಸಿದೆ.

"ಛಲೋ ಆತ್ರಿ ಕಾಕಾ" ಎಂದು ಉತ್ತರ ಬಂತು.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು. "ಇಲ್ಲಿ ಇನ್ನೂ ಗಿಡ್ಡದ ಐತಿ. ನಾ ಹೆಂಗಸರ ಕೂಡ ಮಾತಾಡಾಕತ್ತೇನಿ. ನೀವೇನೂ ಮಾಡಬ್ಯಾಡ್ರಿ."

ಆಗಲಿ ಎಂದು ಬರೆದೆ.